ಎಚ್‌ಎಸ್‌ಕೆ ನಾಲ್ಕನೇ ಹಂತ ದಾಟಿದರೂ ಮಾತು ಬರುತ್ತಿಲ್ಲ: ಮ್ಯಾಂಡರಿನ್ ಬಲ್ಲ ಕನ್ನಡಿಗರಲ್ಲಿ ಒಂದು ವಿನಂತಿ

ಮಂಜಿನಹನಿ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿದ್ದುಕೊಂಡೇ ಎರಡೂವರೆ ವರ್ಷಗಳಿಂದ ಮ್ಯಾಂಡರಿನ್ ಕಲಿಯುತ್ತಿದ್ದೇನೆ. ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಸಾಮರ್ಥ್ಯ ಪರೀಕ್ಷೆಯ ನಾಲ್ಕನೇ ಹಂತವನ್ನು ಒಳ್ಳೆಯ ಅಂಕಗಳೊಂದಿಗೆ ದಾಟಿದ್ದೇನೆ. ಅದಕ್ಕೆ ಬೇಕಾದ 1200 ಪದಗಳೂ ಚೆನ್ನಾಗಿ ನೆನಪಿವೆ. ನಮ್ಮ ಕಚೇರಿಯ ಒಂದು ಶಾಖೆ ಚೀನಾದ ಸುಚೌ ನಗರದಲ್ಲಿದ್ದು, ವಾರಕ್ಕೆ ಎರಡು ಸಲ ಅಲ್ಲಿನವರೊಂದಿಗೆ ವಿಡಿಯೊ ಕರೆಯಿರುತ್ತದೆ. ಅವರು ಬರೆದು ಕಳಿಸಿದ್ದನ್ನು ನಿಘಂಟಿನ ಸಹಾಯದಿಂದ ಓದಿಕೊಳ್ಳುತ್ತೇನೆ. ಆದರೆ ಅವರು ತಮ್ಮತಮ್ಮಲ್ಲಿ ಮಾತಿಗೆ ತೊಡಗಿದರೆಂದರೆ ಎರಡನೆಯ ವಾಕ್ಯಕ್ಕೆ ನನಗೆ ದಾರಿ ತಪ್ಪುತ್ತದೆ, ನಾನು ಬಾಯಿ ತೆರೆದರೆ ಅವರು ಸೌಜನ್ಯದಿಂದಲೇ ಇಂಗ್ಲಿಷಿಗೆ ಹೊರಳುತ್ತಾರೆ.

ಕಳೆದ ವಾರ ಕರೆ ಮುಗಿಯುವ ಹೊತ್ತಿಗೆ ಅಲ್ಲಿನ ಹಿರಿಯರೊಬ್ಬರು ನನ್ನನ್ನು ನೋಡಿ "ಶಿನ್ ಖೂ ಲ" ಎಂದರು. ನಿಘಂಟಿನಲ್ಲಿ ಆ ಪದಕ್ಕೆ ಕಷ್ಟ, ಬವಣೆ ಎಂಬ ಅರ್ಥವಿತ್ತು. ನಾನು "ಯಾವ ಕಷ್ಟ?" ಎಂದು ಅವರನ್ನೇ ಕೇಳಿದೆ. ಒಂದು ಗಳಿಗೆ ಎಲ್ಲರೂ ಮೌನವಾದರು, ಆಮೇಲೆ ಯಾರೋ ಇಂಗ್ಲಿಷಿನಲ್ಲಿ ವಿದಾಯ ಹೇಳಿದರು. ಆ ಮೌನ ನನ್ನನ್ನು ಈಗಲೂ ಕಾಡುತ್ತಿದೆ.

ಇದುವರೆಗೆ ನಾನು ಓದಿದ ಸಲಹೆಗಳೆಲ್ಲ ಇಂಗ್ಲಿಷನ್ನು ಮನೆಮಾತಾಗಿ ಆಡುವವರಿಗಾಗಿ ಬರೆದವು. ಕನ್ನಡದಲ್ಲಿ ಯೋಚಿಸುವವರು ಈ ಘಟ್ಟವನ್ನು ಹೇಗೆ ದಾಟಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಅಕ್ಷರಪ್ರೀತಿ:

ಮಂಜಿನಹನಿಯವರೇ, ಮೈಸೂರಿನಲ್ಲಿ ಹನ್ನೆರಡು ವರ್ಷಗಳಿಂದ ಈ ಭಾಷೆಯನ್ನು ಕಲಿಸುತ್ತಿರುವ ನಾನು ನಿಮ್ಮಂಥ ಅನೇಕರನ್ನು ನೋಡಿದ್ದೇನೆ. ಮೊದಲು ಒಂದು ಸಮಾಧಾನದ ಮಾತು. ನೀವು ಬರೆದ ಪರೀಕ್ಷೆ ಕೇಳುವುದು, ಓದುವುದು, ಬರೆಯುವುದು ಇಷ್ಟನ್ನೇ ಅಳೆಯುತ್ತದೆ; ಮಾತಿನ ಪರೀಕ್ಷೆ ಎಚ್‌ಎಸ್‌ಕೆಕೆ ಎಂಬ ಹೆಸರಿನಲ್ಲಿ ಬೇರೆಯೇ ಇದೆ. ಆದ್ದರಿಂದ ಒಂದು ಮಾತನ್ನೂ ಆಡದೆ ನಾಲ್ಕನೇ ಹಂತವನ್ನು ದಾಟಲು ಸಾಧ್ಯವಿದೆ, ಬಹಳ ಜನ ದಾಟಿಯೂ ಇದ್ದಾರೆ.

ಅವರು ಇಂಗ್ಲಿಷಿಗೆ ಹೊರಳುವುದಕ್ಕೆ ಕಾರಣ ನಿಮ್ಮ ಪದಸಂಪತ್ತಲ್ಲ, ಉಚ್ಚಾರವಿರಬೇಕು. 1958ರಲ್ಲಿ ಜಾರಿಗೆ ಬಂದ ಪಿನ್‌ಯಿನ್ ಲಿಪಿ ರೋಮನ್ ಅಕ್ಷರಗಳನ್ನು ಬಳಸುವುದರಿಂದ ನಾವು ಅದನ್ನು ಇಂಗ್ಲಿಷಿನಂತೆ ಓದಿಬಿಡುತ್ತೇವೆ. ಅಲ್ಲಿ "ಬಿ" ಎಂದು ಬರೆದಿರುವುದು ನಮ್ಮ ಬಕಾರವಲ್ಲ, ಪಕಾರ. "ಪಿ" ಎಂದು ಬರೆದಿರುವುದು ಮಹಾಪ್ರಾಣದ ಫಕಾರ. ಹಾಗೆಯೇ "ಡಿ" ಎಂಬುದು ತಕಾರಕ್ಕೂ "ಟಿ" ಎಂಬುದು ಥಕಾರಕ್ಕೂ, "ಜಿ" ಎಂಬುದು ಕಕಾರಕ್ಕೂ "ಕೆ" ಎಂಬುದು ಖಕಾರಕ್ಕೂ ಹತ್ತಿರ. ಅಂದರೆ ನಾವು ಬೀಜಿಂಗ್ ಎನ್ನುವ ಊರು ಅವರ ಬಾಯಲ್ಲಿ "ಪೆಯ್‌ಚಿಙ್". ಆ ಕೊನೆಯ ಙಕಾರವೂ ನಮ್ಮ ವರ್ಣಮಾಲೆಯಲ್ಲಿ ಕುಳಿತೇ ಇದೆ. ಹೊಸ ಪದಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳಿರೆಂದು ನನ್ನ ವಿದ್ಯಾರ್ಥಿಗಳಿಗೆ ಒತ್ತಾಯಿಸುವುದು ಇದಕ್ಕಾಗಿಯೇ, ಮತ್ತು ಈ ಮುಂದೆ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಆದರೆ ಬರಹದಲ್ಲಿರುವ ಮಹಾಪ್ರಾಣವನ್ನು ಆಡುಮಾತಿನಲ್ಲಿ ನಾವು ಉಳಿಸಿಕೊಂಡಿಲ್ಲ. ಧನವೂ ದನವೂ ನಮ್ಮ ಬಾಯಲ್ಲಿ ಒಂದೇ ಆಗಿರುತ್ತವೆ. ಕನ್ನಡದಲ್ಲಿ ಸಂದರ್ಭ ನಮ್ಮನ್ನು ಕಾಪಾಡುತ್ತದೆ, ಚೀನೀ ಭಾಷೆಯಲ್ಲಿ ಕಾಪಾಡುವುದಿಲ್ಲ. "ವೋ ಪಾವ್ ಲ" ಎಂದರೆ ನನಗೆ ಹೊಟ್ಟೆ ತುಂಬಿತು. "ವೋ ಫಾವ್ ಲ" ಎಂದರೆ ನಾನು ಓಡಿಹೋದೆ. ಎರಡಕ್ಕೂ ಟೋನ್, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ, ಒಂದೇ, ಮೂರನೆಯದು. ತೆಳುವಾದ ಕಾಗದದ ಚೂರೊಂದನ್ನು ತುಟಿಯ ಮುಂದೆ ಹಿಡಿದು ಈ ಎರಡನ್ನೂ ಹೇಳಿ ನೋಡಿ. ಮೊದಲನೆಯದಕ್ಕೆ ಕಾಗದ ಅಲುಗಬಾರದು, ಎರಡನೆಯದಕ್ಕೆ ಹಾರಬೇಕು. ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಮಾಡಿದರೆ ಕೇಳುವವರ ಮುಖದಲ್ಲೇ ವ್ಯತ್ಯಾಸ ಕಾಣುತ್ತದೆ.

ಟೋನ್‌ಗಳನ್ನು ಒಂದೊಂದಾಗಿ ಅಭ್ಯಾಸ ಮಾಡುವ ಕಾಲ ನಿಮಗೆ ಮುಗಿದಿದೆ. ಆಡುಮಾತಿನ ಪದಗಳಲ್ಲಿ ಹೆಚ್ಚಿನವು ಎರಡು ಉಚ್ಚಾರಾಂಶದವು. ಮೊದಲನೆಯದಕ್ಕೆ ನಾಲ್ಕು, ಎರಡನೆಯದಕ್ಕೆ ಹಗುರ ಟೋನ್ ಸೇರಿ ಐದು ಎಂದು ಎಣಿಸಿದರೆ ಒಟ್ಟು 20 ಜೋಡಿಗಳಾಗುತ್ತವೆ. ಪ್ರತಿ ಜೋಡಿಗೂ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪದವನ್ನು ಆರಿಸಿಕೊಂಡು, ಅದನ್ನೇ ಹಾಡಿನ ಸಾಲಿನಂತೆ ಬಾಯಿಪಾಠ ಮಾಡಿ. ಇನ್ನೊಂದು ಎಚ್ಚರಿಕೆ: ನಾವು ಪ್ರಶ್ನೆ ಕೇಳುವಾಗ ವಾಕ್ಯದ ಕೊನೆಯನ್ನು ಮೇಲಕ್ಕೆಳೆಯುತ್ತೇವೆ. ಅಲ್ಲಿ ಹಾಗೆ ಎಳೆದರೆ ಕೊನೆಯ ಪದದ ಟೋನ್ ಕೆಟ್ಟು ಪದವೇ ಬದಲಾಗಬಹುದು.

ಕೆಂಪುಕಂದೀಲು:

ಮೇಡಂ ಉಚ್ಚಾರದ ಬಗ್ಗೆ ಬರೆದದ್ದಕ್ಕೆ ನನ್ನದು ಪೂರ್ಣ ಸಮ್ಮತಿ. ನಾನು ಒಂಬತ್ತು ವರ್ಷ ಶೆನ್‌ಚೆನ್‌ನಲ್ಲಿದ್ದವನು. ವಾಕ್ಯರಚನೆಯ ಬಗ್ಗೆ ನನ್ನ ಅನುಭವವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾನು ಮೂರು ವರ್ಷಗಳನ್ನು ವ್ಯರ್ಥ ಮಾಡಿಕೊಂಡದ್ದು ಇಲ್ಲಿಯೇ. ಕನ್ನಡದಲ್ಲಿ ಹುಟ್ಟಿದ ಯೋಚನೆಯನ್ನು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಚೀನೀ ಭಾಷೆಗೆ ತರುತ್ತಿದ್ದೆ. ಮನೆಯ ಹಿತ್ತಲಲ್ಲೇ ಬಾವಿಯಿರುವಾಗ ಊರಾಚೆಯ ಕೆರೆಗೆ ಕೊಡ ಹೊತ್ತುಕೊಂಡು ಹೋದಂತೆ.

"ಲ" ಎಂಬ ಪುಟ್ಟ ಪದವನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನ ಪಠ್ಯಗಳು ಅದನ್ನು ಭೂತಕಾಲವೇ ಅಲ್ಲವೇ ಎಂದು ಪುಟಗಟ್ಟಲೆ ಚರ್ಚಿಸುತ್ತವೆ. ಹೋಟೆಲಿನಲ್ಲಿ ಕೂಗಿ ಕರೆದಾಗ ಮಾಣಿ ಇನ್ನೂ ಅಡುಗೆಮನೆಯಲ್ಲಿರುವಾಗಲೇ "ಬಂದೆ ಬಂದೆ" ಎನ್ನುವುದಿಲ್ಲವೇ? ಶೆನ್‌ಚೆನ್‌ನ ಹೋಟೆಲಿನವನು ಅದೇ ಸ್ಥಿತಿಯಲ್ಲಿ "ಲಾಯ್ ಲ, ಲಾಯ್ ಲ" ಎನ್ನುತ್ತಾನೆ. ಮೊದಲ ಹನಿ ಬಿದ್ದೊಡನೆ ಬಟ್ಟೆ ತೆಗೆಯಲು ಓಡುತ್ತಾ ನಮ್ಮ ಅಮ್ಮಂದಿರು "ಮಳೆ ಬಂತು" ಎನ್ನುತ್ತಾರೆ. ಅಲ್ಲಿ "ಶ್ಯಾ ಯೂ ಲ". ಸ್ಥಿತಿ ಬದಲಾಯಿತು ಎಂಬುದಷ್ಟೇ ಅದರ ತಿರುಳು, ಅದು ನಮಗೆ ಹುಟ್ಟಿನಿಂದಲೇ ಗೊತ್ತು.

ನೋಡುವುದು ಬೇರೆ, ಕಾಣುವುದು ಬೇರೆ. ಹುಡುಕುವುದು ಬೇರೆ, ಸಿಗುವುದು ಬೇರೆ. "ಹುಡುಕಿದೆ, ಸಿಗಲಿಲ್ಲ" ಎನ್ನಲು ಅಲ್ಲಿ "ಚಾವ್ ಲ, ಮೆಯ್ ಚಾವ್ ತಾವ್" ಎನ್ನುತ್ತಾರೆ. "ನೋಡಿದೆ, ಕಾಣಲಿಲ್ಲ" ಎಂಬುದಕ್ಕೆ "ಖಾನ್ ಲ, ಮೆಯ್ ಖಾನ್ ಚ್ಯೆನ್". ಕ್ರಿಯೆಗೆ ಒಂದು ಪದ, ಅದರ ಫಲಕ್ಕೆ ಇನ್ನೊಂದು. ಇದನ್ನು ಫಲಸೂಚಕವೆಂಬ ವ್ಯಾಕರಣ ಪಾಠವಾಗಿ ಕಲಿತಾಗ ನನಗೆ ಕಬ್ಬಿಣದ ಕಡಲೆಯಾಗಿತ್ತು, ಕನ್ನಡದ ಕಿವಿಯಿಂದ ಕೇಳಿದ ದಿನ ಒಂದೇ ಸಂಜೆಯಲ್ಲಿ ಹಿಡಿತಕ್ಕೆ ಸಿಕ್ಕಿತು.

"ನಿನ್ನೆ ಬಂದ ಜನ" ಎನ್ನುವಾಗ ವಿಶೇಷಣವೆಲ್ಲ ನಾಮಪದದ ಮುಂದೆಯೇ ಬರುತ್ತದಷ್ಟೆ. "ತ್ಸ್ವೋ ಥ್ಯೆನ್ ಲಾಯ್ ತ ರನ್" ಎಂಬುದೂ ಅದೇ ಸಾಲು, ಅದೇ ಕ್ರಮ. ಇನ್ನು "ಪಾ" ಎಂಬ ಪದಕ್ಕೆ ಹೆದರದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಅದು ನಮ್ಮ "ಅನ್ನು" ಪ್ರತ್ಯಯದ ಕೆಲಸವನ್ನು ಪದದ ಮುಂದೆ ನಿಂತು ಮಾಡುತ್ತದೆ. "ಪುಸ್ತಕವನ್ನು ಓದಿ ಮುಗಿಸಿದೆ" ಎಂಬುದು "ಪಾ ಶೂ ಖಾನ್ ವಾನ್ ಲ". ನಾವು ಯಾವುದೋ ಒಂದು ಪುಸ್ತಕವಾದರೆ "ಪುಸ್ತಕ ಓದಿದೆ" ಎಂದು ಬಿಡುತ್ತೇವೆ, ಗೊತ್ತಿರುವ ಪುಸ್ತಕವಾದರೆ "ಅನ್ನು" ಸೇರಿಸುತ್ತೇವೆ. ಅವರೂ ಗೊತ್ತಿರುವ ವಸ್ತುವಿಗೇ "ಪಾ" ಹಚ್ಚುತ್ತಾರೆ. ಒಂದೇ ಷರತ್ತು: ಆ ವಾಕ್ಯದಲ್ಲಿ ಕ್ರಿಯಾಪದವನ್ನು ಬರಿದೇ ಬಿಡುವಂತಿಲ್ಲ, "ಮುಗಿಸಿ", "ಮುಚ್ಚಿ" ಎಂಬಂತೆ ಮುಂದೇನಾಯಿತು ಎಂಬುದು ಜೊತೆಗಿರಬೇಕು.

ಕೇಳುವಿಕೆಯ ಬಗ್ಗೆಯೂ ಒಂದು ಮಾತು. ಪಾಠದ ಧ್ವನಿಮುದ್ರಿಕೆಯಲ್ಲಿ ಮಾತನಾಡುವವರಂತೆ ಬೀದಿಯಲ್ಲಿ ಯಾರೂ ಮಾತನಾಡುವುದಿಲ್ಲ. ಶೆನ್‌ಚೆನ್ ನಗರ 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಮೇಲೆ ದೇಶದ ನಾಲ್ಕು ದಿಕ್ಕುಗಳಿಂದ ಬಂದವರು ಕಟ್ಟಿದ ಊರಾದ್ದರಿಂದ, ಕ್ಯಾಂಟೊನೀಸ್ ಸೀಮೆಯ ನಡುವೆ ಇದ್ದರೂ ಅಲ್ಲಿ ಕೇಳಿಸುವುದು ನೂರು ಬಗೆಯ ಮ್ಯಾಂಡರಿನ್. ದಕ್ಷಿಣದವರ ಬಾಯಲ್ಲಿ ಶಕಾರ ಸಕಾರವಾಗುತ್ತದೆ. ಹತ್ತು ಎಂಬ "ಶ್ರ್" ಮತ್ತು ನಾಲ್ಕು ಎಂಬ "ಸ" ಎರಡೂ ಒಂದೇ ಆಗಿ, ಟೋನ್ ಒಂದೇ ಅವನ್ನು ಬೇರ್ಪಡಿಸುತ್ತದೆ. ತರಕಾರಿ ಮಾರುವ ಅಜ್ಜಿಯೊಬ್ಬರು ಬದನೆಕಾಯಿಗೆ ಹೇಳಿದ ಬೆಲೆ ನಾಲ್ಕು ಯುವಾನೋ ಹತ್ತೋ ತಿಳಿಯದೆ ನಾನು ನಿಂತಾಗ, ಅವರು ತಮ್ಮ ಎರಡು ತೋರುಬೆರಳುಗಳನ್ನು ಕತ್ತರಿಯಂತೆ ಅಡ್ಡವಿಟ್ಟು ತೋರಿಸಿದರು. ಅದು ಹತ್ತರ ಗುರುತು. ಆರರಿಂದ ಹತ್ತರವರೆಗಿನ ಕೈಸನ್ನೆಗಳನ್ನು ಕಲಿತುಕೊಳ್ಳಿ, ಸಂತೆಯಲ್ಲಿ ಅವು ಅರ್ಧ ಭಾಷೆ. ಬೆಲೆ ಹೇಳುವುದು ಕಿಲೋಗಲ್ಲ, 500 ಗ್ರಾಂ ತೂಗುವ "ಚಿನ್" ಎಂಬ ಅಳತೆಗೆ ಎಂಬುದನ್ನೂ ನೆನಪಿಡಿ. ಅಂಗಡಿಯಲ್ಲಿ "ಪಾ ಚ" ಎಂದು ಬರೆದಿದ್ದರೆ ಬೆಲೆಯಲ್ಲಿ ಶೇಕಡ 80ರಷ್ಟನ್ನು ನೀವು ಕೊಡಬೇಕೆಂದು ಅರ್ಥ, ಅಂದರೆ ಸಿಗುವ ರಿಯಾಯಿತಿ 20 ಮಾತ್ರ.

ಮನೆಯಲ್ಲಿ ಮಾಡಬಹುದಾದ ಅಭ್ಯಾಸ ಇದು. ಅವರ ಟಿವಿ ಕಾರ್ಯಕ್ರಮಗಳಲ್ಲಿ ಬಹುಪಾಲಿಗೆ ಚೀನೀ ಅಡಿಬರಹ ಇದ್ದೇ ಇರುತ್ತದೆ. ಎರಡು ನಿಮಿಷದ ಮಾತುಕತೆಯೊಂದನ್ನು ಆರಿಸಿಕೊಳ್ಳಿ, ಅಡಿಬರಹವನ್ನು ಕಾಗದದಿಂದ ಮುಚ್ಚಿ ಮೂರು ಸಲ ಕೇಳಿ, ಕೇಳಿಸಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ, ಅನಂತರ ಕಾಗದ ತೆಗೆದು ನೋಡಿ. ಗೊತ್ತಿದ್ದೂ ಕೇಳಿಸದೆ ಹೋದ ಪದಗಳ ಪಟ್ಟಿಯೇ ನಿಮ್ಮ ನಿಜವಾದ ಪಾಠ.

ರೇಷ್ಮೆಗೂಡು:

ನಾನು ಶಿಡ್ಲಘಟ್ಟದ ಕಡೆಯ ನೂಲು ಬಿಚ್ಚಾಣಿಕೆದಾರ. ದೊಡ್ಡ ಓದು ಇಲ್ಲ. ಚೀನಾದಿಂದ ಸ್ವಯಂಚಾಲಿತ ಯಂತ್ರ ತರಿಸಿದಾಗ ಅದನ್ನು ಜೋಡಿಸಲು ಬಂದ ಮೆಕ್ಯಾನಿಕ್ ನಮ್ಮಲ್ಲಿ 40 ದಿನ ಇದ್ದರು. ಅವರಿಗೆ ಇಂಗ್ಲಿಷ್ ಬಾರದು, ನನಗೂ ಅಷ್ಟಕ್ಕಷ್ಟೇ. ಗೂಡು, ಎಳೆ, ಬಿಸಿನೀರು, ಹರಿಯಿತು, ಕಟ್ಟು ಎಂಬ ಮಾತುಗಳಿಂದ ಆರಂಭವಾಗಿ ಕೊನೆಗೆ ಇಬ್ಬರೂ ಮಕ್ಕಳ ಮದುವೆಯವರೆಗೆ ಮಾತನಾಡಿದೆವು. ಅವರು ಹೋದ ಮೇಲೂ ವೀಚಾಟ್‌ನಲ್ಲಿ (2020ರಲ್ಲಿ ಆ ಆ್ಯಪ್ ಭಾರತದಲ್ಲಿ ನಿಷೇಧವಾಗುವವರೆಗೆ) ಧ್ವನಿ ಸಂದೇಶ ಕಳಿಸುತ್ತಿದ್ದೆ. ನಾನು ಹೇಳಿದ್ದನ್ನು ಆ ಆ್ಯಪ್ ಅಕ್ಷರವಾಗಿ ಬದಲಿಸುತ್ತಿತ್ತು. ತಪ್ಪಾಗಿ ಬದಲಿಸಿದರೆ ನನ್ನ ಉಚ್ಚಾರ ತಪ್ಪೆಂದು ತಿಳಿದು ಮತ್ತೆ ಹೇಳುತ್ತಿದ್ದೆ. ಅಕ್ಷರ ಕಲಿಯದೆಯೇ ಮಾತು ಬಂದಿತು.

ಲೆಕ್ಕದ ಬಗ್ಗೆ ಒಂದು ಉಪಾಯ. ಅವರು ಸಾವಿರವಾದ ಮೇಲೆ ಹತ್ತುಸಾವಿರಕ್ಕೆ "ವಾನ್" ಎನ್ನುತ್ತಾರೆ. ಮಿಲಿಯನ್ನಿಗೆ ಹೋಗಬೇಡಿ. ಒಂದು ಲಕ್ಷವೆಂದರೆ ಹತ್ತು ವಾನ್, ಒಂದು ಕೋಟಿಯೆಂದರೆ ಸಾವಿರ ವಾನ್, ಹತ್ತು ಕೋಟಿಯೆಂದರೆ ಒಂದು "ಯೀ". ಹೀಗೆ ಇಟ್ಟುಕೊಂಡರೆ ವ್ಯಾಪಾರದಲ್ಲಿ ತಪ್ಪಾಗುವುದಿಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಗೂಡಿನಿಂದ ಎಳೆಯ ತುದಿ ಸಿಕ್ಕದಿದ್ದರೆ ನೂಲು ಬರುವುದಿಲ್ಲ. ಆ ತುದಿಯ ಪದವೇ ಅವರ ಆಡುಮಾತಿನಲ್ಲಿಯೂ ಇದೆ: ಯಾವುದಾದರೂ ವಿಷಯದ ತಲೆಬುಡ ತಿಳಿಯದಿದ್ದರೆ "ಮೆಯ್ ಥೋ ಶ್ಯೂ" ಎನ್ನುತ್ತಾರೆ, ಅಂದರೆ ಎಳೆಯ ತಲೆ ಸಿಗಲಿಲ್ಲ ಎಂದು. "ಥೋ" ಎಂದರೆ ತಲೆ, ಮೊದಲು ಎಂಬ ಅರ್ಥಕ್ಕೂ ಅದೇ. ರೇಷ್ಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಷರಪ್ರೀತಿ:

ರೇಷ್ಮೆಗೂಡು ಅವರೇ, ನಿಮ್ಮ ಬರಹವನ್ನು ನಾನು ಎರಡು ಸಲ ಓದಿದೆ. 40 ದಿನ ಒಬ್ಬ ಮನುಷ್ಯನ ಪಕ್ಕದಲ್ಲಿ ನಿಂತು ಒಂದೇ ಯಂತ್ರದ ಬಗ್ಗೆ ಮಾತನಾಡಿದ್ದಕ್ಕೆ ಸಮನಾದ ತರಗತಿಯನ್ನು ನಾನು ಕೊಡಲಾರೆ. ಆದರೂ ಅಕ್ಷರ ಬೇಡ ಎಂಬ ಮಾತನ್ನು ಮಂಜಿನಹನಿಯವರ ಮಟ್ಟದವರಿಗೆ ನಾನು ಒಪ್ಪುವುದಿಲ್ಲ. ಪದಸಂಪತ್ತು ಮೂರು ನಾಲ್ಕು ಸಾವಿರಕ್ಕೆ ಏರಿದಾಗ ಒಂದೇ ಉಚ್ಚಾರದ ಪದಗಳು ಗುಂಪುಗುಂಪಾಗಿ ಬರುತ್ತವೆ, ಅವನ್ನು ಮನಸ್ಸಿನಲ್ಲಿ ಬೇರೆಬೇರೆ ಗೂಟಕ್ಕೆ ಕಟ್ಟಿಡಲು ಅಕ್ಷರವೇ ಬೇಕು. ನೀವೇ ಹೇಳಿದ "ಥೋ" ಎಂಬುದನ್ನು ಅಕ್ಷರವಾಗಿ ಬಲ್ಲವರು ಅದನ್ನು ಹೊಸ ಪದದಲ್ಲಿ ಕಂಡಾಗ ಅರ್ಥವನ್ನು ಊಹಿಸಬಲ್ಲರು. ಅಂದವಾಗಿ ಕೈಯಿಂದ ಬರೆಯುವುದನ್ನು ಬಿಟ್ಟರೂ ಗುರುತಿಸುವುದನ್ನು ಬಿಡಬಾರದು.

ಮಂಜಿನಹನಿ:

ನಿಮ್ಮೆಲ್ಲರಿಗೂ ಋಣಿಯಾಗಿದ್ದೇನೆ. ಕಾಗದದ ಚೂರು ಹಿಡಿದು ಅಭ್ಯಾಸ ಆರಂಭಿಸಿದ್ದೇನೆ. ಮೊದಲ ದಿನ "ಫಾವ್" ಎಂದರೂ ಕಾಗದ ಅಲುಗಲಿಲ್ಲ. ಯಾರನ್ನು ಏನೆಂದು ಕರೆಯಬೇಕು, ಯಾವಾಗ ಏನು ಹೇಳಬೇಕು ಎಂಬುದು ನನ್ನ ಇನ್ನೊಂದು ತೊಡಕು. "ಶಿನ್ ಖೂ ಲ" ಎಂಬುದಕ್ಕೆ ನಾನು ಏನು ಹೇಳಬೇಕಾಗಿತ್ತು?

ಕಡಲತಡಿಯವಳು:

ಹುಬೇ ಪ್ರಾಂತ್ಯದಲ್ಲಿ ವೈದ್ಯಕೀಯ ಓದಿ ಬಂದವಳು ನಾನು, ಊರು ಮಂಗಳೂರಿನ ಬದಿ. ಪಾಠಗಳು ಇಂಗ್ಲಿಷಿನಲ್ಲಿದ್ದರೂ ವಾರ್ಡಿಗೆ ಹೋದೊಡನೆ ರೋಗಿಗಳ ಜೊತೆ ಚೀನೀ ಭಾಷೆಯೇ ಗತಿ. ಅಕ್ಷರಪ್ರೀತಿ ಮೇಡಂ ಹೇಳಿದ ಮಹಾಪ್ರಾಣ ಅಲ್ಲಿ ದಿನನಿತ್ಯದ ಸಂಕಟವಾಗಿತ್ತು. "ತೂ ತ್ಸ" ಎಂದರೆ ಹೊಟ್ಟೆ, "ಥೂ ತ್ಸ" ಎಂದರೆ ಮೊಲ. ಹೊಟ್ಟೆನೋವಿನಿಂದ ಮುಖ ಕಿವುಚಿಕೊಂಡು ಮಲಗಿದ್ದ ಅಜ್ಜನನ್ನು ನಾನು "ಮೊಲ ನೋಯುತ್ತಿದೆಯೇ" ಎಂದು ಕೇಳಿದ್ದೆ. ಆ ನೋವಿನಲ್ಲಿಯೂ ಅವರು ನನ್ನ ಉಚ್ಚಾರವನ್ನು ತಿದ್ದಿದರು, ಮೂರು ಸಲ ಹೇಳಿಸಿದರು.

ಕರೆಯುವ ಬಗೆಯಲ್ಲಿ ನಾವು ಅದೃಷ್ಟವಂತರು. ಇಂಗ್ಲಿಷಿನ ಒಂದೇ ಅಂಕಲ್ ಚೀನೀ ಭಾಷೆಯಲ್ಲಿ ನಮ್ಮಲ್ಲಿರುವಂತೆಯೇ ಒಡೆದುಕೊಳ್ಳುತ್ತದೆ: ದೊಡ್ಡಪ್ಪ "ಪೋಪೊ", ಚಿಕ್ಕಪ್ಪ "ಶೂಶು", ಸೋದರಮಾವ "ಚಿಯೂಚಿಯು", ತಂದೆಯ ತಂಗಿಯಾದ ಅತ್ತೆ "ಕೂಕು". ಕುಟುಂಬದ ಕಾಯಿಲೆಗಳ ಚರಿತ್ರೆಯನ್ನು ಕೇಳಿ ಬರೆಯುವಾಗ ನನ್ನ ಯುರೋಪಿನ ಸಹಪಾಠಿಗಳು ತಡಕಾಡುತ್ತಿದ್ದರು, ನನಗೆ ಮಾತ್ರ ಹೇಳಿದ ಕೂಡಲೇ ವಂಶವೃಕ್ಷ ಕಣ್ಣೆದುರು ನಿಲ್ಲುತ್ತಿತ್ತು. ಗುರುತಿಲ್ಲದ ಹಿರಿಯರನ್ನೂ ನಾವು ಅಜ್ಜ, ಚಿಕ್ಕಮ್ಮ ಎನ್ನುವಂತೆ ಅವರೂ ಕರೆಯುತ್ತಾರೆ. ಅಜ್ಜಿಗೆ "ನಾಯ್‌ನಾಯ್" ಎನ್ನುವುದು ಪುಸ್ತಕದ ಮಾತು. ಅಲ್ಲಿನವರಿಗೆ ನಕಾರ ಲಕಾರಗಳಲ್ಲಿ ಭೇದವಿಲ್ಲದ್ದರಿಂದ ವಾರ್ಡಿನಲ್ಲಿ "ಲಾಯ್‌ಲಾಯ್" ಎಂದೇ ಕೇಳುತ್ತಿತ್ತು.

ಆದರೆ ಈ ಹೋಲಿಕೆಯನ್ನೇ ನೆಚ್ಚಿ ಕೂರಬಾರದೆಂದು ಕೆಂಪುಕಂದೀಲು ಅವರಿಗೂ ಸೇರಿಸಿ ಹೇಳುತ್ತೇನೆ. ನಮ್ಮಲ್ಲಿ ಚಿಕ್ಕಮ್ಮನ ಮಕ್ಕಳು ಅಣ್ಣ ತಂಗಿಯರಾಗುತ್ತಾರೆ, ಅತ್ತೆಯ ಮಕ್ಕಳು ಆಗುವುದಿಲ್ಲ. ಅಲ್ಲಿ ತಂದೆಯ ಅಣ್ಣತಮ್ಮಂದಿರ ಮಕ್ಕಳಷ್ಟೇ "ಥಾಙ್", ಉಳಿದವರೆಲ್ಲ, ಚಿಕ್ಕಮ್ಮನ ಮಕ್ಕಳೂ ಸೇರಿ, "ಪ್ಯಾವ್". ನಮ್ಮೂರಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವುದು ಸಹಜವೆಂದು ನಾನು ಹೇಳಿದಾಗ ಗೆಳತಿಯರು ಬೆಚ್ಚಿಬಿದ್ದರು. 1980ರ ವಿವಾಹ ಕಾನೂನು ಅಲ್ಲಿ ಅಂಥ ಮದುವೆಯನ್ನು ನಿಷೇಧಿಸಿತು. ಚಿಕ್ಕಮ್ಮ ಎಂಬರ್ಥದ "ಆಯೀ" ಎಂಬ ಮಾತನ್ನು ನಲವತ್ತರ ಹೆಂಗಸಿಗೆ ಬಳಸಿದರೆ ವಯಸ್ಸಾಯಿತೆಂದು ಬೇಸರಪಟ್ಟುಕೊಳ್ಳಬಹುದು. ಹಳೆಯ ಪಠ್ಯಗಳು ಕಲಿಸುವ "ಶ್ಯಾವ್ ಚ್ಯೆ" (ಕುಮಾರಿ) ಎಂಬ ಸಂಬೋಧನೆಯನ್ನು ಚೀನಾದ ಮುಖ್ಯಭೂಮಿಯಲ್ಲಿ ಅಪರಿಚಿತ ಯುವತಿಗೆ ಬಳಸಲೇಬೇಡಿ, ಅದಕ್ಕೆ ಹೀನಾರ್ಥ ಅಂಟಿಕೊಂಡಿದೆ. ತೈವಾನಿನಲ್ಲಿ ಅದೇ ಮಾತು ಗೌರವದ್ದು. ಟ್ಯಾಕ್ಸಿ ಚಾಲಕರಿಗೆ, ಕುಶಲಕರ್ಮಿಗಳಿಗೆ "ಶ್ರ್ ಫು", ಅಂಗಡಿಯ ಯಜಮಾನರಿಗೆ "ಲಾವ್ ಪಾನ್", ಕಚೇರಿಯಲ್ಲಿ ಮನೆತನದ ಹೆಸರಿನ ನಂತರ ಅವರ ಹುದ್ದೆ ಸೇರಿಸಿ ಕರೆದರೆ ಎಲ್ಲಿಯೂ ತಪ್ಪಾಗುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. "ಶಿನ್ ಖೂ ಲ" ಎಂದರೆ "ಪಾಪ, ಬಹಳ ಶ್ರಮ ತೆಗೆದುಕೊಂಡಿರಿ" ಎಂಬ ಆದರದ ಮಾತು. "ಪು ಶಿನ್ ಖೂ" ಎಂದರೆ ಸಾಕು, "ಅಯ್ಯೋ, ಅದೇನು ಶ್ರಮ ಬಿಡಿ" ಎಂದಂತಾಗುತ್ತದೆ. ಅದಕ್ಕಿಂತ ಒಳ್ಳೆಯದು, ಮುಂದಿನ ಸಲ ನೀವೇ ಮೊದಲು ಅವರಿಗೆ ಅದನ್ನು ಹೇಳುವುದು.

ಇಂಗ್ಲಿಷಿಗೆ ತರಲಾಗದ ನಮ್ಮ "ದಾಕ್ಷಿಣ್ಯ" ಎಂಬ ಪದಕ್ಕೆ ಅವರಲ್ಲಿ "ಪು ಹಾವ್ ಯೀ ಸ" ಎಂಬ ಮಾತಿದೆ. ಕೇಳಲು ಸಂಕೋಚ, ಬೇಡವೆನ್ನಲು ಸಂಕೋಚ, ತಡವಾಗಿ ಬಂದದ್ದಕ್ಕೆ ಸಂಕೋಚ ಎಲ್ಲಕ್ಕೂ ಅದೇ. ಊಟಕ್ಕೆ ಕುಳಿತಾಗ "ಪ್ಯೆ ಖ ಛಿ" ಎಂದರೆ ಅತಿಥಿಯಂತೆ ಆಡಬೇಡ, ನಮ್ಮ "ದಾಕ್ಷಿಣ್ಯ ಮಾಡ್ಕೋಬೇಡಿ" ಎಂಬುದೇ. ಹತ್ತಿರದವರಿಗೆ ಮಾತು ಮಾತಿಗೂ ಧನ್ಯವಾದ ಹೇಳಿದರೆ ನಮ್ಮಲ್ಲಿ ಹೇಗೆ ಅವರು ಹೊರಗಿನವರಾದಂತೆ ಅನ್ನಿಸುತ್ತದೆಯೋ ಅಲ್ಲಿಯೂ ಹಾಗೆಯೇ. ನನ್ನ ಕೋಣೆಯ ಗೆಳತಿ "ಚ್ಯೆನ್ ವಾಯ್" ಎಂದು ಮುನಿಸಿಕೊಂಡಳು, ಅಂದರೆ ನನ್ನನ್ನು ಹೊರಗಿನವಳಂತೆ ಕಾಣುತ್ತೀಯೆ ಎಂದು.

ಕೆಂಪುಕಂದೀಲು:

ಕಡಲತಡಿಯವರು ಎಚ್ಚರಿಸಿದ್ದು ನೂರಕ್ಕೆ ನೂರು ಸರಿ, ನನ್ನದೇ ಅನುಭವವನ್ನು ಅದಕ್ಕೆ ಸೇರಿಸುತ್ತೇನೆ. ಸಹೋದ್ಯೋಗಿಯ ಮದುವೆಗೆಂದು ಹುನಾನ್ ಪ್ರಾಂತ್ಯದ ಒಂದು ಸಣ್ಣ ಊರಿಗೆ ಹೋಗಿದ್ದೆ. ನಮ್ಮ ಮುಯ್ಯಿಯ ಪದ್ಧತಿ ಅಲ್ಲಿಯೂ ಇದೆ, "ಸ್ವೆಯ್ ಲಿ" ಎನ್ನುತ್ತಾರೆ. ಬಾಗಿಲ ಬಳಿ ಮೇಜು ಹಾಕಿಕೊಂಡು ಕುಳಿತ ಹಿರಿಯರೊಬ್ಬರು ಕೆಂಪು ಕಾಗದದ ಪುಸ್ತಕದಲ್ಲಿ ಯಾರು ಎಷ್ಟು ಕೊಟ್ಟರೆಂದು ಕುಂಚದಿಂದ ಬರೆಯುತ್ತಿದ್ದರು. ನಾಳೆ ಅವರ ಮನೆಯ ಮದುವೆಗೆ ಹಿಂದಿರುಗಿಸಬೇಕಲ್ಲ. ನಾನು ಕೆಂಪು ಲಕೋಟೆಯಲ್ಲಿ 600 ಯುವಾನ್ ಇಟ್ಟು, ನಮ್ಮ ಅಭ್ಯಾಸದಂತೆ ಒಂದು ಯುವಾನಿನ ನಾಣ್ಯವನ್ನೂ ಸೇರಿಸಿದ್ದೆ. ಹಿರಿಯರು ನೋಟುಗಳನ್ನು ಎಣಿಸಿ, ನಾಣ್ಯವನ್ನು ನೋಡಿ, ಒಂದು ಮಾತೂ ಆಡದೆ ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದರು. ಪುಸ್ತಕದಲ್ಲಿ 600 ಎಂದೇ ಬರೆದರು. ಶುಭಕಾರ್ಯಕ್ಕೆ ಸಮಸಂಖ್ಯೆ, ಸಾವಿನ ಮನೆಗೆ ಬೆಸಸಂಖ್ಯೆ ಎಂಬುದು ಅಲ್ಲಿನ ರೂಢಿಯೆಂದು ಅನಂತರ ತಿಳಿಯಿತು. ಯಾರ ಮುಂದೆಯೂ ನನ್ನ ಮಾನ ಕಳೆಯದೆ ತಪ್ಪನ್ನು ತಿದ್ದಿದ ಆ ಕೈಯನ್ನು ನಾನು ಮರೆಯಲಾರೆ. ಮುಖ ಉಳಿಸುವುದು ಎಂಬ ಮಾತನ್ನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ, ಅರ್ಥವಾದದ್ದು ಅಂದು.

ಇಲ್ಲವೆನ್ನುವ ಬಗೆಯಲ್ಲಿ ಮಾತ್ರ ನಾವಿಬ್ಬರೂ ಒಂದೇ. "ಖಾನ್ ಖಾನ್ ಪಾ" ಎಂದರೆ "ನೋಡೋಣ". ನಮ್ಮ ಹಿರಿಯರು ನೋಡೋಣ ಎಂದರೆ ಏನರ್ಥವೋ ಅದೇ ಅರ್ಥ. "ಇನ್ನೊಂದು ದಿನ ಊಟ ಹಾಕಿಸುತ್ತೇನೆ" ಎಂದವರ ಬಳಿ ದಿನಾಂಕ ಕೇಳಬೇಡಿ.

ಇರುವೆಸಾಲು:

ಸಣ್ಣ ಸೇರ್ಪಡೆ. ಬೆಸಸಂಖ್ಯೆಗೆ ಒಂದು ಅಪವಾದವಿದೆ. ನಿಶ್ಚಿತಾರ್ಥದಲ್ಲಿ ವರನ ಕಡೆಯವರು ಕೆಲವೊಮ್ಮೆ 10,001 ಯುವಾನ್ ಕೊಡುತ್ತಾರೆ, ಹತ್ತುಸಾವಿರದಲ್ಲಿ ಒಬ್ಬಳನ್ನು ಆರಿಸಿದ್ದೇವೆ ಎಂಬ ಅರ್ಥದಲ್ಲಿ. ಹಾಗೆಯೇ ಮದ್ಯ ಮುಟ್ಟದವರು ಊಟದ ಮೇಜಿನಲ್ಲಿ "ಯೀ ಛಾ ತಾಯ್ ಚಿಯೂ", ಮದ್ಯದ ಬದಲು ಚಹಾ, ಎಂದು ಹೇಳಿ ಬಟ್ಟಲೆತ್ತಿದರೆ ಯಾರ ಮನಸ್ಸೂ ನೋಯುವುದಿಲ್ಲ. ಬಟ್ಟಲು ತಾಗಿಸುವಾಗ ನಿಮ್ಮದು ಹಿರಿಯರದಕ್ಕಿಂತ ತುಸು ಕೆಳಗಿರಲಿ. ಸಸ್ಯಾಹಾರಿಗಳು "ರೋ (ಮಾಂಸ) ತಿನ್ನುವುದಿಲ್ಲ" ಎಂದಷ್ಟೇ ಹೇಳಿದರೆ ಸಾಲದು, ಆ ಪದಕ್ಕೆ ಮೊದಲು ಹೊಳೆಯುವ ಅರ್ಥ ಹಂದಿಮಾಂಸ. ಕೋಳಿಯೋ ಮೀನೋ ಬಂದೀತು. "ವೋ ಛ್ರ್ ಸೂ" ಎಂದು ಹೇಳಿ, ಮಾಂಸದ ಸಾರು ಬೇಡವೆಂದೂ ಬಿಡಿಸಿ ಹೇಳಬೇಕು.

ಅಕ್ಷರಪ್ರೀತಿ:

ನುಡಿಗಟ್ಟುಗಳ ವಿಷಯ ಇನ್ನೂ ಯಾರೂ ಎತ್ತಲಿಲ್ಲ. ಈ ಹಂತದವರು ನಾಲ್ಕಕ್ಷರದ ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಸಿಕ್ಕಲ್ಲೆಲ್ಲ ಬಳಸಲು ಹೋಗುತ್ತಾರೆ. ನನ್ನ ಸಲಹೆ: ಗುರುತಿಸಲು ನೂರು ಕಲಿಯಿರಿ, ಆಡಲು ಹತ್ತು ಸಾಕು. ಆ ಹತ್ತನ್ನು ನಮ್ಮ ಗಾದೆಗಳ ಪಕ್ಕದಲ್ಲಿಟ್ಟು ಆರಿಸಿಕೊಳ್ಳಿ. "ತ್ವೆಯ್ ನ್ಯೂ ಥಾನ್ ಛಿನ್" ಎಂದರೆ ದನದ ಮುಂದೆ ತಂತಿವಾದ್ಯ ನುಡಿಸುವುದು. ಕೋಣನ ಮುಂದೆ ಕಿನ್ನರಿ ಬಾರಿಸುವ ನಮಗೆ ಅದನ್ನು ಯಾವಾಗ ಹೇಳಬೇಕೆಂದು ಕಲಿಸಬೇಕಾಗಿಲ್ಲ. ಬಾವಿಯ ಕಪ್ಪೆಯೂ ಅಲ್ಲಿದೆ.

ಭಾರತದವರೆಂದು ತಿಳಿದೊಡನೆ ಅಲ್ಲಿನ ಸಾಮಾನ್ಯರು ಮಾತಿಗೆ ಎಳೆಯುವ ಒಬ್ಬ ವ್ಯಕ್ತಿಯಿದ್ದಾರೆ. ನಮ್ಮ ಶಾಲೆಯ ಪಾಠದಲ್ಲಿ ಅವರು ಹ್ಯೂಯೆನ್ ತ್ಸಾಂಗ್. ಆ ಉಚ್ಚಾರ ಅಲ್ಲಿ ಯಾರಿಗೂ ತಿಳಿಯದು. "ಶ್ವೆನ್ ತ್ಸಾಙ್" ಎನ್ನಿ, ಅಥವಾ ವಾನರ ಶಿಷ್ಯನೊಂದಿಗೆ ಪಶ್ಚಿಮಕ್ಕೆ ಹೊರಟ ಗುರುವೆಂದು ಮಕ್ಕಳಿಗೂ ಗೊತ್ತಿರುವ "ಥಾಙ್ ಸಂಙ್" ಎನ್ನಿ. 646ರಲ್ಲಿ ಪೂರ್ಣಗೊಂಡ ತಮ್ಮ ವೃತ್ತಾಂತದಲ್ಲಿ ಅವರು ನಮ್ಮ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿದ್ದಾರೆ, ಹರ್ಷನಿಗೂ ಆತ ಮಣಿಯಲಿಲ್ಲವೆಂದು ದಾಖಲಿಸಿದ್ದಾರೆ. ಇದನ್ನು ನಾಲ್ಕು ಸರಳ ವಾಕ್ಯಗಳಲ್ಲಿ ಚೀನೀ ಭಾಷೆಯಲ್ಲಿ ಹೇಳಲು ಕಲಿಯಿರಿ. ನಿಮ್ಮ ಊರಿನ ಪರಿಚಯಕ್ಕೆ ಅದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಅವರ ಯಾತ್ರೆಯಿಂದ ಉಳಿದ "ಛ್ಯೂ ಚಿಙ್", ಸೂತ್ರಗಳನ್ನು ತರುವುದು, ಎಂಬ ಮಾತು ಇಂದು ಕಚೇರಿಗಳಲ್ಲಿ ಬಲ್ಲವರ ಬಳಿ ಹೋಗಿ ಕಲಿತು ಬರುವುದು ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಆ ಹಳೆಯ ನಂಟಿನಿಂದ ಹೋದ ಪದಗಳೂ ಇವೆ: ಅವರ "ಛಾ ನಾ" ನಮ್ಮ ಕ್ಷಣ, ಅವರು ಚಹಾಕ್ಕೆ ಹಾಕುವ "ಮೋಲಿ" ಹೂವು ಸಂಸ್ಕೃತದ ಮಲ್ಲಿಕಾ, ನಮ್ಮ ಮಲ್ಲಿಗೆ.

ಮಂಜಿನಹನಿ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಕಾಗದದ ಚೂರು ಈಗ ಹಾರುತ್ತಿದೆ.

ಮೊನ್ನೆಯ ಕರೆ ಮುಗಿದಾಗ ನಮ್ಮಲ್ಲಿ ಸಂಜೆ ಆರು ಗಂಟೆ, ಅಲ್ಲಿ ಎಂಟೂವರೆ. ಅದೇ ಹಿರಿಯರು ನನಗಾಗಿ ತಡವಾಗಿ ಉಳಿದಿದ್ದರು. ಅವರು ಬಾಯಿ ತೆರೆಯುವ ಮೊದಲೇ ನಾನು "ಶಿನ್ ಖೂ ಲ" ಎಂದೆ. ಅವರು "ಪು ಶಿನ್ ಖೂ" ಎಂದು ನಕ್ಕು, "ಛ್ರ್ ಲ ಮಾ?" ಎಂದು ಕೇಳಿದರು. "ಊಟ ಆಯ್ತಾ?" ಎಂದು ನಮ್ಮ ಬೀದಿಯವರು ಕೇಳಿದಂತೆಯೇ ಕೇಳಿಸಿತು. "ಹಾಯ್ ಮೆಯ್ ನ", ಇನ್ನೂ ಇಲ್ಲ, ಎಂದೆ. ಆಮೇಲೆ ಅವರು ಇಂಗ್ಲಿಷಿಗೆ ಹೋಗಲಿಲ್ಲ. ಸುಚೌ ನಗರದ ನೂಡಲ್ಸ್ ಬಗ್ಗೆ ಹೇಳತೊಡಗಿದರು. ಅರ್ಧದಷ್ಟು ಕೈತಪ್ಪಿತು, ಆದರೆ "ಥೋ ಥಾಙ್ ಮ್ಯೆನ್" ಎಂಬುದು ಮೂರು ಸಲ ಬಂದಿತು. "ಥಾಙ್" ಎಂದರೆ ಸಾರು, "ಮ್ಯೆನ್" ಎಂದರೆ ನೂಡಲ್ಸ್ ಎಂದು ಗೊತ್ತಿತ್ತು. "ಥೋ" ಎಂದೊಡನೆ ರೇಷ್ಮೆಗೂಡು ಅವರ ಎಳೆಯ ತಲೆ ನೆನಪಾಯಿತು. ಬೆಳಗ್ಗೆ ಅಂಗಡಿ ತೆರೆದಾಗ ಮೊದಲ ನೀರಿನಲ್ಲಿ ಬೇಯಿಸಿದ್ದೇ ಎಂದು ಚೀನೀ ಭಾಷೆಯಲ್ಲೇ ಕೇಳಿದೆ. ಅವರು ಪರದೆಯ ಹತ್ತಿರ ಬಾಗಿ "ತ್ವೆಯ್, ತ್ವೆಯ್, ತ್ವೆಯ್" ಎಂದರು. ನಾನು ಸಸ್ಯಾಹಾರಿ ಎಂದಾಗ ಸ್ವಲ್ಪ ಯೋಚಿಸಿ, ಶೀಯುವಾನ್ ದೇವಾಲಯದಲ್ಲಿ ಮಾಂಸವಿಲ್ಲದ ನೂಡಲ್ಸ್ ಸಿಗುತ್ತದೆ, ಬಂದಾಗ ಅಲ್ಲಿಗೇ ಹೋಗೋಣ ಎಂದರು. ಕೆಂಪುಕಂದೀಲು ಅವರ ಮಾತು ನೆನಪಿದ್ದುದರಿಂದ ದಿನಾಂಕವನ್ನು ಕೇಳಲಿಲ್ಲ.